ಡೇರೆಯ ಗೂಟ ಎಣಿಸುವವರು ಯಾರು?

ಟೆಂಟು ಎಂದೊಡನೆ ಹಿರಿಯರಿಗೆ ನೆನಪಾಗುವುದು ಊರಾಚೆಯ ಟೂರಿಂಗ್ ಟಾಕೀಸು. ಎನ್.ಸಿ.ಸಿ.ಯಲ್ಲಿ ಇದ್ದವರಿಗೆ ಕ್ಯಾಂಪಿನ ಭಾರವಾದ ಕ್ಯಾನ್ವಾಸ್ ಡೇರೆ. ಇಂದಿನ ಮಕ್ಕಳಿಗೆ ಮಾತ್ರ ಅದು ಅಂಗಡಿಯಲ್ಲಿ ಬಣ್ಣದ ಛತ್ರಿಯಂತೆ ಅರಳಿ ನಿಂತ ಪುಟ್ಟ ಗುಮ್ಮಟ. ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ಕಾರಿರುವ ಮನೆಗಳಲ್ಲಿ ಈ ಬೇಡಿಕೆ ಶುರುವಾಗುತ್ತದೆ: "ಅಪ್ಪಾ, ಈ ಸಲ ಹೋಟೆಲ್ ಬೇಡ, ಟೆಂಟ್ ಹಾಕೋಣ." ಅಪ್ಪ ಕೇಳುವುದು "ಎಷ್ಟಾಗುತ್ತೆ?" ಎಂದು. ಅಮ್ಮ ಕೇಳುವುದು "ರಾತ್ರಿ ಹಾವು ಬಂದರೆ?" ಎಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಯಾರೂ ಕೇಳದ ಮೂರನೆಯ ಪ್ರಶ್ನೆಯೊಂದಿದೆ. ಈ ಪ್ರವಾಸದಲ್ಲಿ ಮಕ್ಕಳ ಕೆಲಸವೇನು?

ಮನೆಮಂದಿಯೆಲ್ಲ ಹೊರಟು ಬಯಲಲ್ಲಿ ರಾತ್ರಿ ಕಳೆಯುವುದು ನಮಗೆ ಹೊಸದೇನಲ್ಲ. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ, ಬಾದಾಮಿಯ ಬನಶಂಕರಿ ಜಾತ್ರೆಗೆ ಎತ್ತಿನ ಬಂಡಿ ಕಟ್ಟಿಕೊಂಡು ಹೋದವರು ಬಂಡಿಯ ನೆರಳಲ್ಲೇ ಮಲಗಿ, ಮೂರು ಕಲ್ಲು ಹೂಡಿ ಅಡುಗೆ ಮಾಡಿ ಉಂಡವರೇ. ಅಂಥ ಪಯಣದಲ್ಲಿ ಮಕ್ಕಳಿಗೂ ಪಾಲಿತ್ತು. ಎತ್ತಿಗೆ ನೀರು ಕುಡಿಸುವುದು ಒಬ್ಬನ ಪಾಲಾದರೆ, ಪುರಲೆ ಆಯುವುದು ಇನ್ನೊಬ್ಬಳ ಪಾಲು. ಇಂದಿನ ಕಾರಿನಲ್ಲಿ ಹಿಂದಿನ ಸೀಟಿನ ಹುಡುಗನಿಗೆ ಇರುವ ಕೆಲಸ ಒಂದೇ: "ಇನ್ನೂ ಎಷ್ಟು ದೂರ?" ಎಂದು ಕೇಳುವುದು. ನಾವು ಮಕ್ಕಳನ್ನು ಕರೆದುಕೊಂಡು ಹೋಗುತ್ತಿಲ್ಲ, ಸಾಮಾನಿನ ಜೊತೆ ಸಾಮಾನಾಗಿ ಒಯ್ಯುತ್ತಿದ್ದೇವೆ. ಡೇರೆಯ ಪ್ರವಾಸ ಈ ಚಾಳಿಯನ್ನು ಬಿಡಿಸಲು ಒಳ್ಳೆಯ ಅವಕಾಶ. ಹೇಗೆಂದು ಒಂದೊಂದಾಗಿ ನೋಡೋಣ.

ಎಷ್ಟು ಜನರ ಡೇರೆ?

ಚೀಲದ ಮೇಲೆ "4 ಜನರಿಗೆ" ಎಂದು ಬರೆದಿದ್ದರೆ ನಂಬುವ ಮೊದಲು ಟೇಪು ಹಿಡಿಯಿರಿ. ತಯಾರಕರು ಸಾಮಾನ್ಯವಾಗಿ ಒಬ್ಬರಿಗೆ 60 ಸೆಂ.ಮೀ. ಅಗಲದಂತೆ ಲೆಕ್ಕ ಹಾಕುತ್ತಾರೆ. ನಾಲ್ವರಿಗೆ 240 ಸೆಂ.ಮೀ. ಆಯಿತು. ಅಂದರೆ ಒಬ್ಬರ ಭುಜಕ್ಕೆ ಇನ್ನೊಬ್ಬರ ಭುಜ ತಾಗುವಂತೆ ಮಲಗಬೇಕು. ಚೀಲ, ಬೂಟು, ನೀರಿನ ಬಾಟಲಿಗೆ ಜಾಗವಿಲ್ಲ. ತಂದೆ, ತಾಯಿ, ಇಬ್ಬರು ಮಕ್ಕಳಿರುವ ಸಂಸಾರಕ್ಕೆ ಆರು ಜನರ ಡೇರೆ ಸರಿಹೋಗುತ್ತದೆ. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರು ತೂಕ ನೋಡಬೇಕು. ಡೇರೆ ಕಾರಿನಲ್ಲಿ ಹೋಗುವುದಾದರೆ ಎರಡು ಕಿಲೋ ಹೆಚ್ಚಾದರೂ ಚಿಂತೆಯಿಲ್ಲ.

ವಿದ್ಯಾರ್ಥಿ ಮಿತ್ರರೇ, ಈ ಲೆಕ್ಕ ನಿಮ್ಮದು. ಹಾಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಡೇರೆಯ ಅಳತೆಯ ಚೌಕ ಬರೆಯಿರಿ. ಮನೆಮಂದಿಯನ್ನೆಲ್ಲ ಅದರೊಳಗೆ ಮಲಗಿಸಿ ನೋಡಿ. ಅಪ್ಪನ ಕಾಲು ಗೆರೆ ದಾಟಿದರೆ ಆ ಡೇರೆ ನಿಮ್ಮದಲ್ಲ. ಅಂಗಡಿಗೆ ಹೋಗುವ ಮೊದಲೇ ಅರ್ಧ ತೀರ್ಮಾನ ಮುಗಿಯಿತು.

ಎರಡು ಪದರ, ಹೊಲಿದ ತಳ

ಅಗ್ಗದ ಡೇರೆಗಳಿಗೆ ಒಂದೇ ಪದರ ಇರುತ್ತದೆ. ಬೆಳಗಾಗುವಷ್ಟರಲ್ಲಿ ಒಳಗೋಡೆಯಿಂದ ನೀರು ತೊಟ್ಟಿಕ್ಕುತ್ತದೆ. ಸೋರಿತು ಎಂದು ಅಂಗಡಿಯವನನ್ನು ಬೈಯುತ್ತೇವೆ. ಬಹಳ ಸಲ ಅದು ಮಳೆಯ ನೀರಲ್ಲ, ನಮ್ಮದೇ ಉಸಿರು. ನಾಲ್ಕು ಜನ ರಾತ್ರಿಯಿಡೀ ಬಿಟ್ಟ ಉಸಿರಿನ ಆವಿ ತಣ್ಣಗಿನ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಎರಡು ಪದರದ ಡೇರೆಯಲ್ಲಿ ಒಳಗಿನದು ಸೊಳ್ಳೆಪರದೆಯಂಥ ಬಟ್ಟೆ, ಹೊರಗಿನದು ಮಳೆ ತಡೆಯುವ ಹೊದಿಕೆ. ಆವಿ ಪರದೆಯನ್ನು ದಾಟಿ ಹೊರಪದರದ ಮೇಲೆ ಹನಿಗಟ್ಟಿ ಜಾರಿಹೋಗುತ್ತದೆ. ಎರಡೂ ಪದರ ಒಂದಕ್ಕೊಂದು ತಾಗದಂತೆ ಹಗ್ಗ ಬಿಗಿದು, ಗಾಳಿಕಿಂಡಿಯನ್ನು ಚಳಿಯಲ್ಲೂ ಸ್ವಲ್ಪ ತೆರೆದಿಡಬೇಕು.

ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಹೈಸ್ಕೂಲಿನಲ್ಲಿ ದ್ರವದ ಒತ್ತಡದ ಪಾಠ ಓದಿದವರಿಗೆ ಇದು ಸುಲಭ. ಬಟ್ಟೆಯ ಮೇಲೆ ನೀರಿನ ಕಂಬ ಏರಿಸುತ್ತಾ ಹೋದರೆ ಯಾವ ಎತ್ತರಕ್ಕೆ ನೀರು ಜಿನುಗಲು ತೊಡಗುತ್ತದೋ ಆ ಎತ್ತರವೇ ಈ ಅಂಕಿ. 1500 ಮಿ.ಮೀ. ಇದ್ದರೆ ಸಾಧಾರಣ ಮಳೆಗೆ ಸಾಕು. ಜೋರು ಮಳೆಗೆ 3000 ವಾಸಿ. ತಳದ ಬಟ್ಟೆಗೆ ಇನ್ನೂ ಹೆಚ್ಚು ಬೇಕು. ನಾವು ಮೊಣಕಾಲೂರಿದಾಗ ಕೆಳಗಿನ ಒದ್ದೆಯ ಮೇಲೆ ಬೀಳುವ ಒತ್ತಡ ಮಳೆಹನಿಯದಕ್ಕಿಂತ ಬಹಳ ದೊಡ್ಡದು. ಹಾಗೆಂದು ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಆಷಾಢದಲ್ಲಿ ಡೇರೆ ಹೂಡುವ ಸಾಹಸ ಬೇಡ. ನಮ್ಮಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಡೇರೆಗೆ ಸುಗ್ಗಿ ಕಾಲ.

ಅಮ್ಮನ ಪ್ರಶ್ನೆಗೆ ಉತ್ತರ ಡೇರೆಯ ತಳದಲ್ಲಿದೆ. ನಮ್ಮ ನಾಡಿನ ಕಟ್ಟುಹಾವು ರಾತ್ರಿ ಸಂಚಾರಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿ ಕಚ್ಚುವುದುಂಟು. ಕಚ್ಚಿದ್ದು ಎಷ್ಟೋ ಸಲ ನೋಯುವುದೂ ಇಲ್ಲ, ಊದುವುದೂ ಇಲ್ಲ. ಆದ್ದರಿಂದಲೇ ತಳವನ್ನು ಗೋಡೆಗೆ ಸೇರಿಸಿ ಬಾಣಲೆಯ ಅಂಚಿನಂತೆ ಮೇಲೆತ್ತಿ ಹೊಲಿದಿರುವ, ಜಿಪ್ ಪೂರ್ತಿ ಮುಚ್ಚುವ ಡೇರೆಯನ್ನೇ ಆರಿಸಿ. ಬಿಡಿ ತಾಡಪಾಲು ಹಾಸುವ ಡೇರೆ ಮಕ್ಕಳಿರುವ ಸಂಸಾರಕ್ಕೆ ಬೇಡ. ಒಳಹೋದವರು, ಹೊರಬಂದವರು ಕೂಡಲೇ ಜಿಪ್ ಎಳೆಯಬೇಕು. ಬೂಟನ್ನು ಒಳಗಿಟ್ಟುಕೊಳ್ಳಿ, ಹೊರಗೆ ಬಿಟ್ಟರೆ ಕೊಡವಿ ಹಾಕಿಕೊಳ್ಳಿ. ರಾತ್ರಿ ಟಾರ್ಚ್ ಇಲ್ಲದೆ ಯಾರೂ ಕಾಲು ಹೊರಗಿಡಬಾರದು.

ಅಪ್ಪನ ಪ್ರಶ್ನೆಗೂ ಉತ್ತರವಿದೆ. ವರ್ಷಕ್ಕೊಮ್ಮೆ ಬಳಸುವ ಡೇರೆಯನ್ನು ಕೊಳ್ಳಲೇಬೇಕೆಂದಿಲ್ಲ. ಬೆಂಗಳೂರಿನಂಥ ಊರಿನಲ್ಲಿ ದಿನದ ಲೆಕ್ಕಕ್ಕೆ ಬಾಡಿಗೆಗೆ ಕೊಡುವವರಿದ್ದಾರೆ. ಎರಡು ಪ್ರವಾಸ ಬಾಡಿಗೆಯಲ್ಲಿ ಮುಗಿಸಿ, ಮೂರನೆಯದಕ್ಕೂ ಮಕ್ಕಳ ಉತ್ಸಾಹ ಉಳಿದಿದ್ದರೆ ಆಗ ಕೊಂಡರಾಯಿತು.

ಮೊದಲ ರಾತ್ರಿ ತಾರಸಿಯ ಮೇಲೆ

ಡೇರೆಯ ಚೀಲವನ್ನು ಮೊದಲ ಸಲ ಬಿಚ್ಚುವುದು ಕಾಡಿನ ಕತ್ತಲಲ್ಲಿ ಆಗಬಾರದು. ಹೊರಡುವ ವಾರಕ್ಕೆ ಮುಂಚೆ ತಾರಸಿಯ ಮೇಲೆ ಹೂಡಿ. ಸಿಮೆಂಟಿಗೆ ಗೂಟ ಇಳಿಯುವುದಿಲ್ಲ, ನಾಲ್ಕು ಮೂಲೆಗೂ ನೀರು ತುಂಬಿದ ಬಕೆಟ್ಟು ಕಟ್ಟಿದರೆ ಸಾಕು. ಮೇಲೆ ಎರಡು ಬಿಂದಿಗೆ ನೀರು ಸುರಿದು ಯಾವ ಹೊಲಿಗೆಯಲ್ಲಿ ಜಿನುಗುತ್ತದೆ ನೋಡಿ. ಅಂದು ರಾತ್ರಿ ಅಲ್ಲೇ ಮಲಗಿ. ಯಾರಿಗೆ ಉಸಿರು ಕಟ್ಟಿದಂತಾಗುತ್ತದೆ, ಯಾರು ನಡುರಾತ್ರಿ ಏಳುತ್ತಾರೆ, ಎಷ್ಟು ಹೊದಿಕೆ ಸಾಲದು ಎಂಬುದೆಲ್ಲ ಮನೆಯಲ್ಲೇ ತಿಳಿಯುತ್ತದೆ. ತಾರಸಿಯ ರಾತ್ರಿಯನ್ನೇ ತಾಳಲಾರದ ಮಗುವನ್ನು ಈ ವರ್ಷ ಕಾಡಿಗೆ ಎಳೆದೊಯ್ಯುವುದು ಬೇಡ. ಮುಂದಿನ ವರ್ಷ ಇದ್ದೇ ಇದೆ.

ಹೊದಿಕೆಯ ಲೆಕ್ಕಕ್ಕೆ ಭೂಗೋಳದ ಪಾಠ ಸಹಾಯಕ್ಕೆ ಬರುತ್ತದೆ. ಪ್ರತಿ 1000 ಮೀಟರ್ ಎತ್ತರಕ್ಕೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಕೆಮ್ಮಣ್ಣುಗುಂಡಿ ಸುಮಾರು 1430 ಮೀಟರ್. ವ್ಯತ್ಯಾಸ 500 ಮೀಟರ್ ಎಂದರೆ ಮೂರು ಡಿಗ್ರಿಗೂ ಮಿಕ್ಕಿ ಹೆಚ್ಚು ಚಳಿ. ಗಾಳಿ ಬೀಸಿದರೆ ಇನ್ನೂ ಹೆಚ್ಚೆನಿಸುತ್ತದೆ. ಇನ್ನೊಂದು ಮಾತು: ಮೇಲೆ ಎಷ್ಟೇ ಹೊದ್ದರೂ ನೆಲ ನಮ್ಮ ಶಾಖವನ್ನು ಹೀರುತ್ತಲೇ ಇರುತ್ತದೆ. ಒಂದು ಕಂಬಳಿ ಹೆಚ್ಚಿಗೆ ಇದ್ದರೆ ಅದನ್ನು ಹೊದೆಯಬೇಡಿ, ಹಾಸಿ.

ಎಲ್ಲಿ ಹೂಡಬಹುದು, ಎಲ್ಲಿ ಕೂಡದು

ಚೆಂದ ಕಂಡ ಕಡೆ ಕಾರು ನಿಲ್ಲಿಸಿ ಡೇರೆ ಹೂಡುವುದು ಸಿನಿಮಾದಲ್ಲಿ ಸರಿ. ನಮ್ಮ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ತಂಗುವುದು ಅಪರಾಧ. ಇದು ಬರಿಯ ಕಾಗದದ ಕಾನೂನಲ್ಲ. ಆನೆ ನಡೆಯುವ ದಾರಿಯಲ್ಲಿ ಡೇರೆ ಹೂಡಿದರೆ ಆನೆ ಸುತ್ತಿ ಹೋಗಬೇಕೆಂದು ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ.

ಮೊದಲ ಸಲ ಹೋಗುವವರಿಗೆ ಹೂಡಿಟ್ಟ ಡೇರೆಯೇ ಒಳ್ಳೆಯದು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಕಾವೇರಿಯ ದಂಡೆಯಲ್ಲಿ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಬಿಡಾರ ನಡೆಸುತ್ತದೆ. ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರ. ಅಲ್ಲಿ ಒಂದು ರಾತ್ರಿ ಕಳೆದರೆ ಡೇರೆಯ ಬದುಕು ಹೇಗೆಂದು ತಿಳಿಯುತ್ತದೆ, ಕಾವಲಿಗೆ ಜನರೂ ಇರುತ್ತಾರೆ.

ಸ್ವಂತ ಡೇರೆಗೆ ಎಲ್ಲಕ್ಕಿಂತ ಒಳ್ಳೆಯ ಜಾಗ ಬಹುಶಃ ನಿಮಗೆ ಗೊತ್ತಿರುವುದೇ: ಅಜ್ಜನ ಊರಿನ ಹೊಲ, ಚಿಕ್ಕಪ್ಪನ ತೋಟ, ಪರಿಚಯದವರ ಕಾಫಿ ಎಸ್ಟೇಟಿನ ಕಣ. ಬಾವಿ ಹತ್ತಿರ, ಮನೆ ಕೂಗಳತೆಯಲ್ಲಿ. ಹಳ್ಳಿಯ ಹಿರಿಯರು ನೆಲ ನೋಡಿಯೇ ನೀರು ಹರಿಯುವ ಓಣಿ ಯಾವುದು, ಹುತ್ತ ಎಲ್ಲಿದೆ ಎಂದು ಹೇಳಬಲ್ಲರು. ಅವರ ಮಾತು ಕೇಳಿ. ತೆಂಗಿನ ಮರದ ಕೆಳಗೆ ಮಾತ್ರ ಹೂಡಬೇಡಿ. ಕಾಯಿ ಯಾವಾಗ ಬೀಳುತ್ತದೆಂದು ಮರ ಹೇಳಿ ಕಳಿಸುವುದಿಲ್ಲ. ಒಣಗಿದ ಕೊಂಬೆಯ ಕೆಳಗೂ ಬೇಡ. ಬಯಲುಸೀಮೆಯ ಗಟ್ಟಿ ನೆಲಕ್ಕೆ ಡೇರೆಯ ಜೊತೆ ಬರುವ ತೆಳು ಗೂಟಗಳು ಬಾಗುತ್ತವೆ. ಹತ್ತು ಉದ್ದನೆಯ ಕಬ್ಬಿಣದ ಮೊಳೆ, ಒಂದು ಸುತ್ತಿಗೆ ಜೊತೆಯಲ್ಲಿರಲಿ.

ಮಲೆನಾಡಿನ ಕಡೆ ಹೋಗುವವರಿಗೆ ಒಂದು ಎಚ್ಚರಿಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ. ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ನಮ್ಮ ರಜೆಯ ದಿನಗಳಲ್ಲೇ. ಹೊರಡುವ ಮೊದಲು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ವಿಚಾರಿಸಿ. ಮಂಗಗಳು ಸತ್ತ ಸುದ್ದಿಯಿದ್ದರೆ ಆ ಕಾಡಿನ ಕಡೆ ಹೋಗಬೇಡಿ. ತರಗೆಲೆಯ ಮೇಲೆ ಕೂರಬೇಡಿ, ತುಂಬುತೋಳಿನ ಅಂಗಿ ತೊಡಿ, ಸಂಜೆ ಮೈ ಪರೀಕ್ಷಿಸಿಕೊಂಡು ಬಿಸಿನೀರು, ಸೋಪಿನಲ್ಲಿ ತೊಳೆದುಕೊಳ್ಳಿ.

ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ

ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡೋಣ ಎಂಬುದು ತಪ್ಪು ಪ್ರಶ್ನೆ. ಎಷ್ಟು ಗಂಟೆಗೆ ತಲುಪಬೇಕು ಎಂಬುದು ಸರಿಯಾದ ಪ್ರಶ್ನೆ. ಡಿಸೆಂಬರ್ ಕೊನೆಯಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಸುಮಾರು 6 ಗಂಟೆಗೆ. ಡೇರೆ ಹೂಡಿ, ನೀರು ತಂದು, ಒಲೆ ಹೊತ್ತಿಸಲು ಎರಡು ಗಂಟೆ ಬೇಕು. ಅಂದರೆ 4 ಗಂಟೆಗೆ ಅಲ್ಲಿರಬೇಕು.

ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 245 ಕಿ.ಮೀ. ಊರು ದಾಟುವುದು, ಉಬ್ಬು, ಲಾರಿ ಎಲ್ಲ ಸೇರಿ ಗಂಟೆಗೆ 45 ಕಿ.ಮೀ. ಹಿಡಿಯಿರಿ. ಸುಮಾರು ಐದೂವರೆ ಗಂಟೆ. ತಿಂಡಿ, ಊಟ, ಕಾಲು ಸಡಿಲಿಸುವುದಕ್ಕೆ ಒಂದೂವರೆ. ಒಟ್ಟು ಏಳು. ಪಂಕ್ಚರಿಗೆಂದು ಒಂದು ಗಂಟೆ ಸೇರಿಸಿದರೆ ಎಂಟು. ನಾಲ್ಕರಿಂದ ಹಿಂದಕ್ಕೆ ಎಣಿಸಿದರೆ ಬೆಳಿಗ್ಗೆ 8ಕ್ಕೆ ಕಾರಿನ ಬಾಗಿಲು ಮುಚ್ಚಿರಬೇಕು. ಈ ಲೆಕ್ಕವನ್ನು ಎಂಟನೆಯ ತರಗತಿಯ ಹುಡುಗಿ ಮಾಡಬಲ್ಲಳು. ಅವಳೇ ಮಾಡಲಿ. ಲೆಕ್ಕ ಅವಳದಾದರೆ ಬೆಳಿಗ್ಗೆ ಅವಳನ್ನು ಎಬ್ಬಿಸುವ ಕಷ್ಟ ನಿಮಗಿಲ್ಲ, ಅವಳೇ ನಿಮ್ಮನ್ನು ಎಬ್ಬಿಸುತ್ತಾಳೆ.

ದಾರಿಯ ಕಟ್ಟಳೆಗಳನ್ನೂ ಅವಳು ವಿಚಾರಿಸಿಕೊಳ್ಳಲಿ. ಉದಾಹರಣೆಗೆ, ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೆ ನಿಷೇಧವಿದೆ. ಗೊತ್ತಿಲ್ಲದೆ ಹೋದವರು ಗೇಟಿನ ಮುಂದೆ ರಾತ್ರಿ ಕಳೆಯಬೇಕಾದೀತು. ಮೊಬೈಲಿನ ನಕ್ಷೆ ಒಳ್ಳೆಯದೇ, ಆದರೆ ಘಟ್ಟದಲ್ಲಿ ಸಿಗ್ನಲ್ ಕೈಕೊಡುತ್ತದೆ. ದಾರಿಯ ಊರುಗಳ ಹೆಸರು, ನಡುವಿನ ದೂರ, ಪೆಟ್ರೋಲ್ ಬಂಕು, ಹತ್ತಿರದ ತಾಲ್ಲೂಕು ಆಸ್ಪತ್ರೆ ಇವನ್ನು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಬರೆದಿಡಲಿ. ಅದರ ಪ್ರತಿಯೊಂದನ್ನು ಮನೆಯಲ್ಲಿರುವ ಅಜ್ಜಿಗೋ ಪಕ್ಕದ ಮನೆಯವರಿಗೋ ಕೊಟ್ಟು ಹೊರಡಿ.

ಉಪ್ಪಿನ ತಪ್ಪು, ಹೊಳೆಯ ತಪ್ಪು

ಈಗ ಮೂರನೆಯ ಪ್ರಶ್ನೆಗೆ ಬರೋಣ. ಕೆಲಸ ಹಂಚುವುದು ಸುಲಭ. ಎಂಟು ಹತ್ತು ವರ್ಷದವರಿಗೆ ಗೂಟದ ಲೆಕ್ಕ: ಹೊರಡುವಾಗ ಎಷ್ಟಿತ್ತು, ಬಿಚ್ಚಿದಾಗ ಎಷ್ಟಾಯಿತು. ಮಿಡ್ಲ್ ಸ್ಕೂಲಿನವರಿಗೆ ಬುತ್ತಿಯ ಪಟ್ಟಿ: ಮೊದಲ ರಾತ್ರಿಗೆ ಮನೆಯ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಬೆಳಿಗ್ಗೆಗೆ ಅವಲಕ್ಕಿ, ಕುಡಿಯಲು ಅಡುಗೆಗೆ 20 ಲೀಟರಿನ ನೀರಿನ ಕ್ಯಾನು. ಹೈಸ್ಕೂಲಿನವರಿಗೆ ದಾರಿ ಮತ್ತು ಖರ್ಚಿನ ಲೆಕ್ಕ. ಪಿ.ಯು.ಸಿ.ಯವರಿಗೆ ಟೈರಿನ ಗಾಳಿ, ಸ್ಟೆಪ್ನಿ, ಜಾಕ್ ನೋಡುವ ಕೆಲಸ. ಲೈಸೆನ್ಸ್ ಇಲ್ಲದೆ ಸ್ಟೀರಿಂಗ್ ಮಾತ್ರ ಕೊಡಬೇಡಿ.

ಕಷ್ಟವಿರುವುದು ಕೊಟ್ಟ ಕೆಲಸದಲ್ಲಿ ಕೈಹಾಕದೆ ಇರುವುದರಲ್ಲಿ. ಹುಡುಗ ಉಪ್ಪು ಮರೆತದ್ದು ಹೊರಡುವ ಮೊದಲೇ ಅಮ್ಮನ ಕಣ್ಣಿಗೆ ಬೀಳುತ್ತದೆ. ಮೆಲ್ಲಗೆ ಚೀಲಕ್ಕೆ ಸೇರಿಸಿಬಿಡುತ್ತಾಳೆ. ಸೇರಿಸಬೇಡಿ ತಾಯಿ. ಒಂದು ಹೊತ್ತು ಎಲ್ಲರೂ ಸಪ್ಪೆ ಉಂಡರೆ ಯಾರ ಪ್ರಾಣವೂ ಹೋಗುವುದಿಲ್ಲ. ಉಣ್ಣುವಾಗ ಬೈಯಲೂ ಬೇಡಿ, ಮುಂದಿನ ಸಲ ಉಪ್ಪು ಪಟ್ಟಿಯ ಮೊದಲ ಸಾಲಿನಲ್ಲಿರುತ್ತದೆ. ಅಂಕಪಟ್ಟಿಯಲ್ಲಿ ತಪ್ಪಿಗೆ ಅಂಕ ಕಳೆಯುತ್ತಾರೆ, ಇಲ್ಲಿ ತಪ್ಪೇ ಪಾಠ ಹೇಳುತ್ತದೆ. ಇವು ಉಪ್ಪಿನ ತಪ್ಪುಗಳು. ಮಕ್ಕಳಿಗೆ ಧಾರಾಳವಾಗಿ ಮಾಡಲು ಬಿಡಿ.

ಹೊಳೆಯ ತಪ್ಪುಗಳು ಬೇರೆ. ಅವನ್ನು ಒಮ್ಮೆ ಮಾಡಿದರೆ ತಿದ್ದಿಕೊಳ್ಳಲು ಎರಡನೆಯ ಸಲ ಸಿಗುವುದಿಲ್ಲ. ಅಲ್ಲಿ ಮತದಾನವಿಲ್ಲ, ದೊಡ್ಡವರ ಮಾತೇ ಮಾತು. ಅಂಥವು ಮುಖ್ಯವಾಗಿ ಮೂರು.

ಮೊದಲನೆಯದು ನೀರು. ಹೊಳೆಯ ಮರಳಿನ ಮೇಲೆ ಡೇರೆ ಹೂಡಕೂಡದು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ, ಎಲ್ಲೋ ದೂರದಲ್ಲಿ ಮಳೆಯಾದರೆ, ಇಲ್ಲಿ ಆಕಾಶ ತಿಳಿಯಾಗಿರುವಾಗಲೇ ನೀರು ಏರುತ್ತದೆ. ಕಾವೇರಿಯ ಮಡುಗಳಲ್ಲಿ ಸೆಳೆತವೂ ಇದೆ, ಮೊಸಳೆಯೂ ಇದೆ. "ಮೊಣಕಾಲುದ್ದ ಮಾತ್ರ ಇಳಿಯುತ್ತೇವೆ" ಎಂಬ ಮಾತಿಗೆ ಒಪ್ಪಬೇಡಿ.

ಎರಡನೆಯದು ಬೆಂಕಿ. ಡೇರೆಯೊಳಗೆ ಒಲೆ, ಇದ್ದಿಲಿನ ಅಗ್ಗಿಷ್ಟಿಕೆ, ಮೇಣದ ಬತ್ತಿ ಯಾವುದೂ ಇರಕೂಡದು. ಬಟ್ಟೆಗೆ ಕಿಡಿ ತಾಗಿದರೆ ಕ್ಷಣದಲ್ಲಿ ಹತ್ತಿಕೊಂಡು ಕರಗುತ್ತದೆ. ಅದಕ್ಕಿಂತ ಮೋಸದ್ದು ಇದ್ದಿಲಿನಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಚಳಿಗೆಂದು ಕೆಂಡ ಒಳಗಿಟ್ಟುಕೊಂಡು ಮಲಗಿದವರು ಮತ್ತೆ ಏಳದ ಪ್ರಸಂಗಗಳಿವೆ. ಹೊರಗಿನ ಬೆಂಕಿಯನ್ನೂ ಮಲಗುವ ಮೊದಲು ನೀರು ಸುರಿದು, ಕೈಯಿಟ್ಟರೆ ತಣ್ಣಗಿರುವಷ್ಟು ಆರಿಸಬೇಕು.

ಮೂರನೆಯದು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಇದರ ಭಯ ಹೆಚ್ಚು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. 30 ಸೆಕೆಂಡಿಗಿಂತ ಕಡಿಮೆಯಾದರೆ ಸಿಡಿಲು 10 ಕಿ.ಮೀ. ಒಳಗೆ ಬಂದಿದೆ. ಡೇರೆ ಸಿಡಿಲನ್ನು ತಡೆಯುವುದಿಲ್ಲ, ಒಂಟಿ ಮರ ಅದನ್ನು ಕರೆಯುತ್ತದೆ. ಎಲ್ಲರೂ ಕಾರಿನೊಳಗೆ ಕೂತು ಗಾಜು ಏರಿಸಿ. ಕಾರಿನ ಲೋಹದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ಸಾಗಿಸುತ್ತದೆ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಇವೆಲ್ಲದರ ಮೇಲೂ ಹಾವು ಕಚ್ಚಿದ ಅನುಮಾನ ಬಂದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿದ ಭಾಗ ಅಲುಗಾಡದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಹೊರಡಿ. 108ಕ್ಕೆ ಫೋನ್ ಮಾಡಿ. ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಮದ್ದು ಇದೆ ಎಂಬುದನ್ನು ಹೊರಡುವ ಮೊದಲೇ ಕೇಳಿ ಬರೆದುಕೊಂಡಿರಬೇಕು. ಅಜ್ಜಿಗೆ ಪ್ರತಿ ಕೊಟ್ಟ ಆ ಪುಟದಲ್ಲಿ ಇದಕ್ಕೆ ಮೊದಲ ಸ್ಥಾನ.

ಇನ್ನು ಹಿಂತಿರುಗುವ ಮಾತು. ಮಗುವಿಗೆ ಜ್ವರ ಬಂತು, ಮೋಡ ಕಟ್ಟಿತು, ಜಾಗ ಮನಸ್ಸಿಗೆ ಬರಲಿಲ್ಲ ಎಂದಾದರೆ ಗಂಟುಮೂಟೆ ಕಟ್ಟಿ ಊರಿನ ಲಾಡ್ಜಿಗೆ ಹೋಗುವುದು ಸೋಲಲ್ಲ. "ಇಷ್ಟು ದೂರ ಬಂದಿದ್ದೇವೆ" ಎಂಬುದು ಉಳಿಯಲು ಕಾರಣವಾಗಬಾರದು. ಯಾವಾಗ ಹಿಂತಿರುಗಬೇಕೆಂದು ದೊಡ್ಡವರು ತೀರ್ಮಾನಿಸುವುದನ್ನು ಮಕ್ಕಳು ಕಣ್ಣಾರೆ ನೋಡಲಿ. ನಾಳೆ ಗೆಳೆಯರ ಜೊತೆ ಅವರೇ ಹೋಗುವ ದಿನ ಬರುತ್ತದೆ. ಆಗ ನಾವು ಪಕ್ಕದಲ್ಲಿರುವುದಿಲ್ಲ.

ಹೊರಡುವ ಬೆಳಿಗ್ಗೆ ಜಾಗವನ್ನು ಒಮ್ಮೆ ಸುತ್ತಿ ಬನ್ನಿ. ಪ್ಲಾಸ್ಟಿಕ್ಕು, ಬಾಟಲಿ, ನ್ಯಾಪ್‌ಕಿನ್ನು ಎಲ್ಲ ಚೀಲದಲ್ಲಿ ಹಿಂದಕ್ಕೆ ಬರಲಿ. ಶೌಚಕ್ಕೆ ತೋಡಿದ ಗುಂಡಿ ನೀರಿನಿಂದ 60 ಮೀಟರ್ ದೂರದಲ್ಲಿದ್ದು ಮಣ್ಣು ಮುಚ್ಚಿರಲಿ. ಡೇರೆ ಒದ್ದೆಯಿದ್ದರೆ ಮನೆಗೆ ಬಂದ ದಿನವೇ ಬಿಸಿಲಿಗೆ ಹರವಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಕೊನೆಗೆ ಮನೆಯ ಕಿರಿಯ ಸದಸ್ಯ ಗೂಟ ಎಣಿಸಲಿ. ಒಂದು ಕಡಿಮೆ ಬಂದರೆ ಅಪ್ಪ ಹುಡುಕಲು ಹೋಗಬಾರದು. ಹುಲ್ಲಿನಲ್ಲಿ ಅದು ಎಲ್ಲಿದೆ ಎಂದು ಹುಡುಕಿ ತರುವವರೆಗೂ ಕಾರು ಕಾಯಲಿ.